ಅಜ್ಜಯ್ಯನನ್ನು ಕುಣಿಸಿದ್ದು

ಆ ಕಾಲದಲ್ಲಿ ಚಾರಿತ್ರಿಕ ಕಾದಂಬರಿ ಎಂದರೆ ಅದರಲ್ಲಿ ಒಂದು ಕೋಟೆ, ಒಂದು ಸುರಂಗ, ಒಬ್ಬ ಕುಹಕಿ ಮಂತ್ರಿ ಮತ್ತು ಒಬ್ಬ ಫಕೀರ ಇರಲೇಬೇಕಾಗಿತ್ತು. ಮೊದಲ ಮೂರಕ್ಕೆ ಒಂದೊಂದು ಸಲ ವಿನಾಯಿತಿ ಸಿಗುತ್ತಿತ್ತು, ಫಕೀರನಿಗೆ ಸಿಗುತ್ತಿರಲಿಲ್ಲ. ಅವನು ಮೂರನೆಯ ಅಧ್ಯಾಯದಲ್ಲಿ ಧೂಳಿನೊಳಗಿಂದ ಎದ್ದು ಬರುತ್ತಿದ್ದ. ಹಸಿರು ನಿಲುವಂಗಿ, ಕೈಯಲ್ಲಿ ನವಿಲುಗರಿಯ ಕಟ್ಟು, ಕಣ್ಣಿನಲ್ಲಿ ವರ್ಣಿಸಲಾಗದ ತೇಜಸ್ಸು. ವರ್ಣಿಸಲಾಗದು ಎಂದು ಹೇಳಿ ಅರ್ಧ ಪುಟ ವರ್ಣಿಸುತ್ತಿದ್ದೆವು. ಬಂದವನು ಪಾಳೆಯಗಾರನ ಮುಂದೆ ನಿಂತು, ಅರ್ಥವಾಗದ ಎರಡು ಮಾತಾಡಿ, ಗಹಗಹಿಸಿ ನಕ್ಕು ಹೊರಟುಹೋಗುತ್ತಿದ್ದ. ಕೊನೆಯಲ್ಲಿ ಕೋಟೆ ಬೀಳುವಾಗ ಆ ಮಾತಿನ ಅರ್ಥ ಎಲ್ಲರಿಗೂ ಒಟ್ಟಿಗೆ ಹೊಳೆಯುತ್ತಿತ್ತು. ಅವನಿಗೆ ಊರಿಲ್ಲ, ಕಸುಬಿಲ್ಲ, ಕೆಮ್ಮಿಲ್ಲ, ಹಸಿವಿಲ್ಲ. ಪಾಳೆಯಗಾರನ ಕುದುರೆಗಳಿಗೆ ಹುರುಳಿ ಬೇಯಿಸಿ ಹಾಕಿಸುತ್ತಿದ್ದೆವು. ಫಕೀರನಿಗೆ ಒಂದು ತುತ್ತು ಅನ್ನ ಹಾಕಿದ ಕಾದಂಬರಿಕಾರನನ್ನು ನಾನು ಕಾಣೆ.

ಇದನ್ನು ಪರನಿಂದೆಯಾಗಿ ಹೇಳುತ್ತಿಲ್ಲ. ಅಂಥ ಫಕೀರರಲ್ಲೊಬ್ಬನನ್ನು ಲೋಕಕ್ಕೆ ಕೊಟ್ಟ ಪುಣ್ಯಾತ್ಮ ನಾನೇ. ಉಳಿದವರ ಫಕೀರರು ಕಾದಂಬರಿ ಮುಗಿದ ಮೇಲೆ ಮಾಯವಾದರು. ನನ್ನವನು ಪುಸ್ತಕದಿಂದ ಇಳಿದು ಹೋಗಿ ಒಬ್ಬ ಬಡವನ ಜಾಗದಲ್ಲಿ ಕೂತ.

ನಾನು ಗುಬ್ಬಿಯವನು. ಅದು ನಾಟಕದ ಊರು. ಅಲ್ಲಿ ಹುಟ್ಟಿದವನ ತಲೆಯೊಳಗೆ ಯಾರೇ ಬಂದರೂ ಪರದೆ ಎತ್ತಿಸಿಕೊಂಡೇ ಬರಬೇಕು, ಬಂದವರು ಒಂದು ಕಂದ ಹಾಡದೆ ಹೋಗಬಾರದು. ಐವತ್ತರ ದಶಕದ ಮೊದಲಲ್ಲಿ ನನಗೆ ಕುಣಿಗಲ್ಲಿನ ಶಾಲೆಯಲ್ಲಿ ಮೇಷ್ಟರ ಕೆಲಸವಾಯಿತು. ಕೆರೆಯ ಕಡೆ ಒಂದು ಕೋಣೆ ಹಿಡಿದೆ. ಆ ಕೋಣೆಗೆ ಕೂಗಳತೆಯಲ್ಲಿ, ಎರಡು ಬೇವಿನ ಮರಗಳ ನಡುವೆ, ಸುಣ್ಣ ಬಳಿದ ಒಂದು ಸಣ್ಣ ಗೋರಿ ಇತ್ತು. ಅದರೊಳಗಿದ್ದವರನ್ನು ಹಿಂದೂಗಳೂ ಸಾಬರೂ ಅಜ್ಜಯ್ಯ ಎನ್ನುತ್ತಿದ್ದರು. ಸೂಫಿ ಎಂಬ ಮಾತನ್ನು ಅಲ್ಲಿ ಯಾರ ಬಾಯಲ್ಲೂ ನಾನು ಕೇಳಲಿಲ್ಲ.

ಗೋರಿಯನ್ನು ನೋಡಿಕೊಳ್ಳುತ್ತಿದ್ದವರು ಹತ್ತಿ ಹಿಂಜುವ ಸಾಬರು. ನಲವತ್ತು ದಾಟಿದ ಮನುಷ್ಯ. ಬೆಳಿಗ್ಗೆ ಗೋರಿಯ ಕಸ ಗುಡಿಸಿ, ಹೆಗಲ ಮೇಲೆ ಹಿಂಜುವ ಬಿಲ್ಲು ಹೊತ್ತು ಊರೊಳಗೆ ಹೊರಟರೆ, ಯಾರದೋ ಜಗಲಿಯಲ್ಲಿ ಕೂತು ಹಾಸಿಗೆ ದಿಂಬಿನ ಹತ್ತಿ ಹಿಂಜಿ, ಹೊಲಿದು, ಸಂಜೆಗೆ ಬರುತ್ತಿದ್ದರು. ಮೀಸೆಯ ಮೇಲೆ ಸದಾ ಹತ್ತಿಯ ಎಳೆ. ನನ್ನ ಹಾಸಿಗೆಯನ್ನೂ ಹೊಲಿದುಕೊಟ್ಟರು. ಹಾಗೆ ಪರಿಚಯ.

ವರ್ಷಕ್ಕೊಮ್ಮೆ ಅಲ್ಲಿ ಗಂಧ ನಡೆಯುತ್ತಿತ್ತು. ಗೋರಿಗೆ ಗಂಧ ಹಚ್ಚಿ, ಸಕ್ಕರೆಯ ಮೇಲೆ ಫಾತೆಹಾ ಓದಿಸಿ ಹಂಚುವುದು. ಗಂಧಕ್ಕೂ ಸಕ್ಕರೆಗೂ ನಡುವೆ ಸಾಬರು ಅಜ್ಜಯ್ಯನ ಮಾತು ಹೇಳುತ್ತಿದ್ದರು. ಅದನ್ನು ಹೇಳುವ ಹಕ್ಕು ಅವರ ತಂದೆಯಿಂದ ಅವರಿಗೆ ಬಂದದ್ದು. ಹೇಳುವ ರೀತಿಗೂ ಒಂದು ಕಟ್ಟಳೆಯಿತ್ತು: ಕೇಳಲು ಕೂತ ಪ್ರತಿಯೊಬ್ಬರ ಕೈಗೂ ಒಂದು ಹಿಡಿ ಕಾಳು ಬಿಡಿಸದ ಹತ್ತಿ ಕೊಡುತ್ತಿದ್ದರು. ಮಾತು ಮುಗಿಯುವವರೆಗೆ ಕೂತವರು ಹತ್ತಿಯಿಂದ ಕಾಳು ಬಿಡಿಸುತ್ತಿರಬೇಕು. ಕೈ ಖಾಲಿ ಇದ್ದವರಿಗೆ ಹೇಳುವಂತಿಲ್ಲ. ಆ ಹತ್ತಿಯೇ ಮುಂದಿನ ವರ್ಷಕ್ಕೆ ದೀಪದ ಬತ್ತಿ.

ಮೊದಲ ವರ್ಷ ನಾನೂ ಒಂದು ಹಿಡಿ ಹತ್ತಿ ಹಿಡಿದು ಕೂತೆ. ಸುತ್ತ ಹೊಲದಿಂದ ನೇರವಾಗಿ ಬಂದ ರೈತರು, ಅವರ ಹೆಂಗಸರು, ನಾಲ್ಕೈದು ಸಾಬರ ಮನೆಯವರು. ಸಾಬರು ನಮ್ಮ ಕನ್ನಡದಲ್ಲೇ, ದನಿ ಏರಿಸದೆ, ಪಕ್ಕದ ಮನೆಯವರ ಸಮಾಚಾರ ಹೇಳುವ ಹಾಗೆ ಹೇಳಿದರು. ಅಜ್ಜಯ್ಯ ಎಲ್ಲಿಂದಲೋ ನಡೆದು ಬಂದರು. ಹತ್ತಿ ಹಿಂಜುತ್ತಿದ್ದರು. ಊರವರಿಗೆಲ್ಲ ಹಾಸಿಗೆ ಹೊಲಿದು ತಾವು ನೆಲದ ಮೇಲೆ ಮಲಗಿದರು. ಅವರಿಗೆ ಉಬ್ಬಸವಿತ್ತು. ಹುರುಳಿಕಟ್ಟಿನ ಸಾರು ಎಂದರೆ ಇಷ್ಟ. ಪಾಳೆಯಗಾರನ ಕಡೆಯ ಒಬ್ಬ ಸವಾರ ಬಂದು, ‘ದೇವರನ್ನ ತೋರಿಸು’ ಎಂದನಂತೆ. ಅಜ್ಜಯ್ಯ ‘ಕೂತ್ಕೋ’ ಎಂದು ಒಂದು ಹಿಡಿ ಹತ್ತಿ ಕೊಟ್ಟರಂತೆ. ಅವನು ಕಾಳು ಬಿಡಿಸಿದ. ಮಾರನೆಯ ದಿನವೂ ಬಂದ. ಹೀಗೇ ಒಂಬತ್ತು ವರ್ಷ. ಒಂದು ದಿನ ಅಜ್ಜಯ್ಯ, ‘ಏನೋ ಕೇಳಕ್ ಬಂದಿದ್ದೆಯಲ್ಲಪ್ಪಾ, ಏನದು?’ ಎಂದರು. ಸವಾರ ತುಂಬ ಹೊತ್ತು ಯೋಚಿಸಿ, ‘ಮರ್ತೋಯ್ತು’ ಎಂದ. ‘ಹಂಗಾದ್ರೆ ಸಿಕ್ತು ಬುಡು’ ಎಂದರಂತೆ ಅಜ್ಜಯ್ಯ.

ಅಷ್ಟೇ. ನೀರಿನ ಮೇಲೆ ನಡೆಯಲಿಲ್ಲ, ಸತ್ತವರನ್ನು ಎಬ್ಬಿಸಲಿಲ್ಲ. ಮಾತು ಇನ್ನೂ ಬಹಳ ಹೊತ್ತು ನಡೆಯಿತು. ಯಾರ ಯಾರ ಮನೆಗೆ ಎಂಥ ಹಾಸಿಗೆ ಹೊಲಿದರು ಎಂಬುದೇ ಅದರ ಮುಕ್ಕಾಲು ಪಾಲು. ಪರದೆ ಯಾವಾಗ ಏಳುತ್ತದೆ ಎಂದು ಕಾಯುತ್ತಿದ್ದ ಗುಬ್ಬಿಯ ಮನುಷ್ಯನಿಗೆ ಇದು ಬಲು ಸಪ್ಪೆ ಎನ್ನಿಸಿತು. ಆದರೂ ಅದೇನೋ ಒಂದು ಬಗೆಯ ಶಾಂತಿ ಬಂದು ಕೂತಿತು, ಎದ್ದು ಹೋಗಲು ಮನಸ್ಸಾಗಲಿಲ್ಲ. ಕೋಣೆಗೆ ಬಂದು, ಮಕ್ಕಳ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ನೆನಪಿದ್ದಷ್ಟನ್ನೂ ಬರೆದಿಟ್ಟೆ. ಬರೆಯುವವನಿಗೆ ಶಾಂತಿಯೂ ಒಂದು ಸರಕು.

ಮುಂದೆ ತುಮಕೂರಿಗೆ ವರ್ಗವಾಯಿತು. ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ, ಹೈಸ್ಕೂಲಿನಲ್ಲಿ ಕನ್ನಡ ಪಂಡಿತನ ಕುರ್ಚಿ, ಜೊತೆಗೆ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿ ಬರೆಯುವ ಗೌರವ. ಪತ್ರಿಕೆಯ ಸಂಪಾದಕರು ಒಬ್ಬರೇ ಸುದ್ದಿ ಬರೆದು, ಒಬ್ಬರೇ ಓದಿ, ಒಬ್ಬರೇ ಮೆಚ್ಚುತ್ತಿದ್ದ ಸ್ವಾವಲಂಬಿ ಮನುಷ್ಯ. ನನ್ನ ಪಾಳೆಯಗಾರ ಎಂಟು ವಾರ ಕೋಟೆ ಕಟ್ಟಿಸಿದ ಮೇಲೆ ಅವರು ನನ್ನನ್ನು ಕರೆಸಿಕೊಂಡರು.

“ಪಂಡಿತರೇ, ಕೋಟೆ ಸಾಕು. ಓದೋರು ಆಕಳಿಸ್ತಾ ಅವ್ರೆ. ಒಬ್ಬ ಫಕೀರನ್ನ ತನ್ನಿ.”

“ತರಬಹುದು. ನನಗೊಬ್ಬರು ಗೊತ್ತು. ಹತ್ತಿ ಹಿಂಜೋರು...”

“ಹತ್ತಿನಾ! ಏನ್ ಸ್ವಾಮಿ ನೀವು, ಅಂಗಡಿ ಇಡಿಸ್ತೀರೇನು ಅವನ ಕೈಲಿ? ಕುಣೀಬೇಕು ಕಣ್ರೀ ಫಕೀರ ಅಂದ್ರೆ. ಕಣ್ಣಲ್ಲಿ ಕೆಂಪು ಇರ್ಬೇಕು. ಒಂದು ಹೆಂಗಸೂ ಇರ್ಲಿ, ಪವಿತ್ರವಾಗೇ ಇರ್ಲಿ, ಬೇಡ ಅನ್ನಲ್ಲ.”

ಊರ ಲೈಬ್ರರಿಯಲ್ಲಿ ಪರ್ಷಿಯಾ ದೇಶದ ಅನುಭಾವಿಗಳ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಇತ್ತು. ಮೊದಲ ಅರವತ್ತು ಪುಟ ಗೆದ್ದಲು ತಿಂದಿತ್ತು. ಉಳಿದುದರಲ್ಲಿ ನನಗೆ ಅರ್ಧ ಅರ್ಥವಾಯಿತು. ಈ ಕಾಲುಭಾಗ ಜ್ಞಾನದ ಮೇಲೆ ನಾನು ಕುಣಿಗಲ್ಲಿನ ಅಜ್ಜಯ್ಯನನ್ನು ಹೊಸದಾಗಿ ಕಟ್ಟಿದೆ. ನನ್ನ ಅಜ್ಜಯ್ಯ ಬೇವಿನ ಮರಗಳ ನಡುವೆ ಬುಗುರಿಯಂತೆ ತಿರುಗಿ ತಿರುಗಿ ಕುಣಿದ. ಮಧುಪಾತ್ರೆಯನ್ನು ನೋಡಿ ಕಣ್ಣೀರಿಟ್ಟ. ಪಾಳೆಯಗಾರನ ಆಸ್ಥಾನದ ನರ್ತಕಿಯ ಮನೆ ಮೆಟ್ಟಿಲಲ್ಲಿ ಏಳು ದಿನ ಕೂತ. ಕೊನೆಗೆ ತನ್ನ ಶಾಲನ್ನು ಕೆರೆಯ ಮೇಲೆ ಹಾಸಿ, ಅದರ ಮೇಲೆ ಕೂತು ಆಚೆ ದಡಕ್ಕೆ ಹೋದ. ಆಚೆ ದಡದಲ್ಲಿ ಅವನಿಗೇನು ಕೆಲಸವಿತ್ತೋ ನಾನು ಬರೆಯಲಿಲ್ಲ, ಯಾರೂ ಕೇಳಲಿಲ್ಲ. ಕಾಗದಕ್ಕೆ ತತ್ವಾರವಿದ್ದ ಮನೆ. ಇದನ್ನೆಲ್ಲ ಬರೆದದ್ದು ಆ ಹಳೆಯ ಉತ್ತರಪತ್ರಿಕೆಗಳ ಖಾಲಿ ಉಳಿದಿದ್ದ ಜಾಗದಲ್ಲಿ. ಸಾಬರ ಮಾತಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನನ್ನದನ್ನು ಬರೆದು, ಅಚ್ಚಿಗೆ ಕೊಟ್ಟೆ. ಅಚ್ಚಾದ ಮೇಲೆ ಪ್ರೆಸ್ಸಿನವರು ಹಾಳೆಗಳನ್ನು ಏನು ಮಾಡುತ್ತಾರೋ ಅದನ್ನೇ ಮಾಡಿದರು.

ಆ ಅಧ್ಯಾಯಕ್ಕೆ ಬಂದ ಕೀರ್ತಿ ನನ್ನ ಯಾವ ಸತ್ಯಕ್ಕೂ ಬಂದಿಲ್ಲ. ಹೆಡ್‌ಮಾಸ್ಟರು ಕರೆದು ಕಾಫಿ ಕುಡಿಸಿದರು. ಕ್ಯಾತ್ಸಂದ್ರದ ಬಸ್ಸಿನಲ್ಲಿ ಕಂಡಕ್ಟರು, “ಸಾರ್, ಆ ಶಾಲು ಮುಳುಗ್ಲಿಲ್ವಾ?” ಎಂದು ನಿಜವಾದ ಕಳವಳದಿಂದ ಕೇಳಿದ. ಹಿಂದೂ ಮುಸ್ಲಿಂ ಐಕ್ಯಕ್ಕೆ ನಾನು ಸಲ್ಲಿಸಿದ ಸೇವೆಯನ್ನು ಕುರಿತು ವಕೀಲರೊಬ್ಬರು ಪತ್ರ ಬರೆದರು. ನಾನೂ ಅದನ್ನು ನಂಬಿದೆ. ಒಬ್ಬ ಬಡ ಸಾಬರ ಅಜ್ಜಯ್ಯನಿಗೆ ಹೆಂಡ ಕುಡಿಸಿದ್ದನ್ನು ಸೇವೆ ಎಂದುಕೊಳ್ಳಲು ಪಂಡಿತನೇ ಆಗಬೇಕು.

ಒಂದು ಭಾನುವಾರ ಬೆಳಿಗ್ಗೆ ಸಾಬರು ಬಂದರು. ಕುಣಿಗಲ್ಲಿನಿಂದ ಮೊದಲ ಬಸ್ಸು ಹಿಡಿದು, ಉಪ್ಪಾರಹಳ್ಳಿಯಲ್ಲಿ ಮನೆ ಕೇಳಿಕೊಂಡು. ಕುರ್ಚಿಯ ಮೇಲೆ ಕೂರಲಿಲ್ಲ, ಜಗಲಿಯಲ್ಲೇ ಕೂತರು. ನನ್ನ ಹೆಂಡತಿ ಕಾಫಿ ಕೊಟ್ಟಳು. ಅವರ ಜೇಬಿನಲ್ಲಿ ಪತ್ರಿಕೆಯ ಆ ಸಂಚಿಕೆ ನಾಲ್ಕು ಮಡಿಕೆಯಾಗಿ ಇತ್ತು.

“ಮೇಷ್ಟ್ರೇ, ಒಂದ್ ಮಾತ್ ಕೇಳ್ತೀನಿ, ತಪ್ಪು ತಿಳೀಬೇಡಿ. ನಮ್ಮಜ್ಜಯ್ಯ ಕುಡೀತಿದ್ರು ಅಂತ ನಿಮಗ್ಯಾರು ಹೇಳಿದ್ದು?”

“ಅದು ಹೆಂಡ ಅಲ್ಲ ಸಾಬರೇ. ಸಂಕೇತ. ದೈವಪ್ರೇಮದ ಅಮಲು.”

“ಹಂಗಾದ್ರೆ ಚಿತ್ರದಲ್ಲಿ ಹೂಜಿ ಯಾಕ್ ಬರ್ದವ್ರೆ?”

“ಅದು ಚಿತ್ರ ಬರೆಯೋರ ತಪ್ಪು.”

“ಆ ಕುಣಿಯೋ ಹೆಂಗಸು?”

“ಅದೂ ಸಂಕೇತವೇ. ಅವಳು ಅಂದರೆ ಆತ್ಮ.”

ಸಾಬರು ಮಡಿಕೆ ಬಿಚ್ಚಿ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು. “ಆತ್ಮಕ್ಕೆ ಇಷ್ಟೊಂದು ಒಡವೇನಾ?”

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ನಾನು ಸೂಫಿ ತತ್ವದ ಬಗ್ಗೆ, ಗೆದ್ದಲು ಬಿಟ್ಟುಕೊಟ್ಟಷ್ಟರ ಆಧಾರದ ಮೇಲೆ, ಒಂದು ಸಣ್ಣ ಉಪನ್ಯಾಸ ಮಾಡಿದೆ. ಸಾಬರು ಮರ್ಯಾದೆಯಿಂದ ಕೇಳಿಸಿಕೊಂಡರು.

“ನೀವು ಓದ್ದೋರು, ಇರಬಹುದು. ಆದ್ರೆ ಮೊನ್ನೆ ನಾಕ್ ಜನ ಬಂದು, ‘ಸಾಬ್ರೇ, ಅಜ್ಜಯ್ಯ ಕುಣಿದ್ ಜಾಗ ತೋರ್ಸಿ’ ಅಂದ್ರು. ನಾನು ಯಾವುದ್ನ ತೋರಿಸ್ಲಿ? ‘ಕುಣೀಲಿಲ್ಲ ಕಣ್ರಪ್ಪಾ’ ಅಂದ್ರೆ, ‘ನಿಮಗೇನ್ ಗೊತ್ತು, ಪೇಪರ್ನಾಗೆ ಬಂದೈತೆ’ ಅಂತಾರೆ. ನಮ್ಮ ಅಣ್ಣನ ಮಗ, ಎಸ್ಸೆಸ್ಸೆಲ್ಸಿ ಪಾಸಾದೋನು, ಅವ್ನೂ ಹಂಗೇ ಅಂತಾನೆ. ಊರೋರೆಲ್ಲ ಸೇರಿ ಈ ಸಲ ಗಂಧಕ್ಕೆ ಕಮಿಟಿ ಮಾಡವ್ರೆ. ನಾನು ಹೇಳೋದು ಬೇಡ್ವಂತೆ, ಇದನ್ನೇ ಓದಿಸ್ತಾರಂತೆ.” ಅವರು ಪತ್ರಿಕೆಯನ್ನು ಮತ್ತೆ ಮಡಿಸಿದರು. “ನಮ್ಮಪ್ಪ ನಂಗೆ ಬಿಟ್ ಹೋಗಿದ್ದು ಅದೊಂದೇ ಮಾತು ಮೇಷ್ಟ್ರೇ. ಗಂಧದ ದಿವ್ಸ ಬಂದು, ಎಲ್ರ ಮುಂದೆ ‘ಇದು ನಾನು ಕಟ್ಟಿದ್ ಕಥೆ’ ಅಂತ ಒಂದ್ ಸಾಲು ಹೇಳ್ಬುಡಿ. ಇನ್ನೇನೂ ಕೇಳಲ್ಲ.”

“ಅದಕ್ಕೇನಂತೆ, ಬರ್ತೀನಿ. ಖಂಡಿತ ಹೇಳ್ತೀನಿ,” ಎಂದೆ. ಅವರು ಮುಖ ಅರಳಿಸಿ, ನಮ್ಮ ಹರಿದ ದಿಂಬೊಂದನ್ನು ಕಂಡು, ಹೋಗುವ ಮೊದಲು ಅದನ್ನು ಹೊಲಿದುಕೊಟ್ಟೇ ಹೋದರು.

ಗಂಧದ ದಿನ ಮಧ್ಯಾಹ್ನ ಕುಣಿಗಲ್ಲಿನಲ್ಲಿ ಬಸ್ಸಿಳಿದೆ. ಆ ಒಂದು ಸಾಲು ನಾಲಿಗೆಯ ತುದಿಯಲ್ಲೇ ಇತ್ತು. ಬಸ್‌ಸ್ಟ್ಯಾಂಡಿಗೇ ಬಂದಿದ್ದ ಕಮಿಟಿಯವರು ನನ್ನ ಕೊರಳಿಗೆ ಹಾರ ಹಾಕಿದಾಗ ಅದು ಸ್ವಲ್ಪ ಒಳಗೆ ಸರಿಯಿತು. ಗೋರಿಯ ಮುಂದೆ ಶಾಮಿಯಾನ, ಧ್ವನಿವರ್ಧಕ, ಸಾಲಾಗಿ ಕಬ್ಬಿಣದ ಕುರ್ಚಿಗಳು. ಅಧ್ಯಕ್ಷರು ಅಕ್ಕಿ ಗಿರಣಿಯ ಯಜಮಾನರು. ಅವರು ಮೈಕಿನಲ್ಲಿ, “ಇದುವರೆಗೆ ಕತ್ತಲೆಯಲ್ಲಿದ್ದ ನಮ್ಮೂರ ಚರಿತ್ರೆಯನ್ನು ಬೆಳಕಿಗೆ ತಂದ ಸಂಶೋಧಕರು” ಎಂದು ನನ್ನತ್ತ ಕೈ ತೋರಿಸಿದರು. ಚಪ್ಪಾಳೆ. ನಾನು ಹಿಂದೆ ತಿರುಗಿ ನೋಡಲಿಲ್ಲ. ಸಂಶೋಧಕರು ಯಾರೆಂದು ನನಗೆ ಕೂಡಲೇ ಗೊತ್ತಾಯಿತು.

ಸಾಬರು ವೇದಿಕೆಯ ಕೆಳಗೆ, ಹತ್ತಿಯ ಕುಕ್ಕೆಯನ್ನು ಮಂಡಿಯ ಪಕ್ಕ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಒಗೆದ ಅಂಗಿ ಹಾಕಿದ್ದರು. ನಾನು ಎದ್ದು ಮೈಕಿನ ಮುಂದೆ ನಿಂತಾಗ ಅವರು ನೆಟ್ಟಗೆ ನನ್ನ ಮುಖ ನೋಡಿದರು. ಆ ಸಾಲಿಗೆ ಬೇಕಾಗಿದ್ದದ್ದು ನಾಲ್ಕು ಶಬ್ದ. ನಾನು ಮುಕ್ಕಾಲು ಗಂಟೆ ಮಾತಾಡಿದೆ. ಉಪನಿಷತ್ತಿಗೂ ಸೂಫಿ ದರ್ಶನಕ್ಕೂ ಇರುವ ಸಾಮ್ಯ ಹೇಳಿದೆ. ಪ್ರೇಮವೇ ಮತ ಎಂದೆ. ‘ಕವಿಯ ಸತ್ಯವೇ ಬೇರೆ, ಊರಿನ ಸತ್ಯವೇ ಬೇರೆ’ ಎಂಬ ಒಂದು ಮಾತನ್ನೂ ಹಾಕಿದೆ. ಅಷ್ಟರಲ್ಲಿ ಎಲ್ಲವನ್ನೂ ಒಪ್ಪಿಕೊಂಡಂತಾಯಿತು ಎಂದು ನನ್ನ ಲೆಕ್ಕಾಚಾರ. ಅದಕ್ಕೂ ಚಪ್ಪಾಳೆ ಬಂತು. ಸಾಬರು ಮಾತ್ರ ಇನ್ನೂ ನೋಡುತ್ತಲೇ ಇದ್ದರು. ಮುಂದೆ ಹೇಳಬಹುದು, ಮುಂದೆ ಹೇಳಬಹುದು ಎಂದು ಕಾದರೆಂದು ಕಾಣುತ್ತದೆ. ನಾನು ನಮಸ್ಕಾರ ಮಾಡಿ ಕೂತೆ.

ಆಮೇಲೆ ಯಾರೋ ಹಿರಿಯ ರೈತರು ಎದ್ದು, “ಸಾಬರೂ ಎರಡು ಮಾತಾಡ್ಲಿ, ವರ್ಷಾ ವರ್ಷಾ ಹೇಳ್ತಿದ್ರು” ಎಂದರು. ಕಮಿಟಿಯವರು ದೊಡ್ಡ ಮನಸ್ಸು ಮಾಡಿ ಮೈಕನ್ನು ಕೆಳಗಿಳಿಸಿದರು. ಸಾಬರು ಮೊದಲು ಎದ್ದು ಸಾಲುಸಾಲಾಗಿ ಹತ್ತಿ ಹಂಚಲು ಹೊರಟರು. ಕುರ್ಚಿಯ ಮೇಲೆ ಕೂತವರಿಗೆ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬರು ಜೇಬಿಗೆ ಹಾಕಿಕೊಂಡರು. ಒಬ್ಬರು ಕಿವಿಗೆ ಇಟ್ಟುಕೊಂಡು ಪಕ್ಕದವರನ್ನು ನಗಿಸಿದರು. ಸಾಬರು ಕೂತು, “ಅಜ್ಜಯ್ಯ ನಡ್ಕೊಂಡ್ ಬಂದ್ರು. ಹತ್ತಿ ಹಿಂಜ್ತಿದ್ರು,” ಎಂದು ಶುರು ಮಾಡಿದರು. ಎರಡು ನಿಮಿಷವೂ ಆಗಿರಲಿಲ್ಲ, ಹಿಂದಿನ ಸಾಲಿನಿಂದ ಕೂಗು.

“ಸಾಬ್ರೇ, ಹಾಸಿಗೆ ಕಥೆ ಮನೇಲ್ ಹೇಳಿ! ಶಾಲಿಂದ್ ಹೇಳಿ, ಶಾಲಿಂದು!”

“ಕುಣಿದಿದ್ದು ಹೇಳಿ!”

ಸಾಬರು ನಿಲ್ಲಿಸಿದರು. ಮತ್ತೊಮ್ಮೆ ನನ್ನ ಕಡೆ ನೋಡಿದರು. ಕೊರಳ ಹಾರದಲ್ಲಿ ಇರುವೆಯೊಂದು ಹರಿದಾಡುತ್ತಿತ್ತು. ನಾನು ಅದನ್ನು ಹುಡುಕುವ ಕೆಲಸದಲ್ಲಿ ಮಗ್ನನಾದೆ. ಅವರು ಮೈಕನ್ನು ಪಕ್ಕಕ್ಕೆ ಸರಿಸಿ, ಕುಕ್ಕೆ ಎತ್ತಿಕೊಂಡು ಗೋರಿಯ ಹಿಂದೆ ಹೋದರು. ಅಣ್ಣನ ಮಗ ವೇದಿಕೆ ಹತ್ತಿ ನನ್ನ ಅಧ್ಯಾಯವನ್ನು ಓದಿದ. ಚೆನ್ನಾಗಿಯೇ ಓದಿದ. ಆತ್ಮದ ಒಡವೆಗಳ ವರ್ಣನೆಗೆ ಶಿಳ್ಳೆ ಬಿತ್ತು.

ತುಮಕೂರಿಗೆ ವಾಪಸು ಬಂದ ಮೇಲೆ ನನಗೆ ಧೈರ್ಯ ಬಂತು. ಕೇಳುವವರು ಎದುರಿಗಿಲ್ಲದಿದ್ದರೆ ನಾನು ಬಹಳ ಧೈರ್ಯವಂತ. ‘ಕುಣಿಗಲ್ಲಿನ ಫಕೀರನ ಕಥೆ ಪೂರ್ತಿ ನನ್ನ ಕಲ್ಪನೆ, ಇದಕ್ಕೆ ಯಾವ ಆಧಾರವೂ ಇಲ್ಲ’ ಎಂದು ಪತ್ರಿಕೆಗೇ ಪತ್ರ ಬರೆದೆ. ಸಂಪಾದಕರು ಅದನ್ನು ಚೌಕಟ್ಟು ಹಾಕಿ, ‘ಲೇಖಕರ ವಿನಯ’ ಎಂಬ ತಲೆಬರಹದಲ್ಲಿ ಅಚ್ಚು ಹಾಕಿದರು. ಪುಸ್ತಕವಾದಾಗ ಬೆನ್ನುಪುಟಕ್ಕೂ ಅದೇ ಹೋಯಿತು. ಕೆಲವು ವರ್ಷಗಳ ಮೇಲೆ ಕಾಲೇಜಿನ ಅಧ್ಯಾಪಕರೊಬ್ಬರು ಲೇಖನ ಬರೆದು, ನಮ್ಮ ಚಾರಿತ್ರಿಕ ಕಾದಂಬರಿಗಳಲ್ಲಿ ಸೂಫಿಗಳ ಚಿತ್ರಣವೆಲ್ಲ ಬರೀ ಅಲಂಕಾರ, ಜನರ ಬಾಯಲ್ಲಿದ್ದ ಕಥೆಗೆ ನಿಷ್ಠವಾಗಿರುವುದು ನನ್ನದೊಂದೇ ಎಂದರು. ಅವರು ಕುಣಿಗಲ್ಲಿಗೆ ಹೋಗಿ ಜನರನ್ನು ಕೇಳಿಯೇ ಬರೆದಿದ್ದರು. ಜನ ನನ್ನ ಪುಟಗಳನ್ನು ಅಕ್ಷರ ಬಿಡದೆ ಹೇಳಿದ್ದರು.

ಸಾಬರು ಆಮೇಲೆ ಯಾವ ಗಂಧದಲ್ಲೂ ಮಾತು ಹೇಳಲಿಲ್ಲ. ಗೋರಿಯ ಉಸ್ತುವಾರಿ ಅಣ್ಣನ ಮಗನಿಗೆ ಹೋಯಿತು. ಅರವತ್ತರ ದಶಕದ ನಡುವಿನಲ್ಲಿ ಒಂದು ದಿನ ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲೇ ಹಿಂಜುವ ಬಿಲ್ಲಿನ ಟಂಯ್ ಟಂಯ್ ಕೇಳಿಸಿತು. ನನ್ನ ಹೆಂಡತಿ ಹೊರಗೆ ಹೋಗಿ, “ರೀ, ನಿಮ್ಮ ಸಾಬರು ಕಣ್ರೀ” ಎಂದಳು. ಮಗಳನ್ನು ಇಲ್ಲೇ ಊರ ಪಕ್ಕದ ಸತ್ಯಮಂಗಲದ ಕಡೆ ಕೊಟ್ಟಿದ್ದರಂತೆ. ಅವಳ ಮನೆಯಲ್ಲೇ ಇದ್ದು, ತುಮಕೂರಿನಲ್ಲಿ ಬೀದಿ ಬೀದಿ ಸುತ್ತುತ್ತಿದ್ದರು. ಮೀಸೆ ಹಣ್ಣಾಗಿತ್ತು. ನಮ್ಮ ಎರಡು ಹಾಸಿಗೆ ಬಿಚ್ಚಿ ಜಗಲಿಯಲ್ಲಿ ಕೂತರು. ಹಳೆಯ ಸಂಗತಿ ಒಂದನ್ನೂ ಎತ್ತಲಿಲ್ಲ. ಮೇಷ್ಟ್ರೇ ಎಂದೇ ಕರೆದರು. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಮಧ್ಯಾಹ್ನ ಊಟವಾದ ಮೇಲೆ ನಾನೇ ಹೋಗಿ ಎದುರಿಗೆ ಕೂತೆ.

“ಸಾಬರೇ, ಅಜ್ಜಯ್ಯನ ಮಾತು ಪೂರ್ತಿ ಒಂದು ಸಲ ಹೇಳಿ. ನನ್ನ ಹತ್ತಿರ ಇದ್ದದ್ದು ಕಳೆದುಹೋಯಿತು. ಈ ಸಲ ಹೇಗಿದೆಯೋ ಹಾಗೇ ಬರೆದಿಡ್ತೀನಿ.”

ಅವರು ನನ್ನ ಕೈಯಲ್ಲಿದ್ದ ಪೆನ್ನು ನೋಡಿದರು. ನಾನು ಪೆನ್ನನ್ನು ಜೇಬಿಗೆ ಹಾಕಿ, ಹಾಸಿಗೆಯಿಂದ ಒಂದು ಹಿಡಿ ಹತ್ತಿ ತೆಗೆದುಕೊಂಡೆ.

“ಇದ್ರಲ್ಲಿ ಕಾಳಿಲ್ಲ ಮೇಷ್ಟ್ರೇ, ಹಳೇ ಹತ್ತಿ,” ಎಂದರು. “ಬುಡಿ. ನನ್ ಬಾಯಿಂದ ಹೋಗಿ ಬಹಳ ದಿನಾ ಆಯ್ತು. ಈಗ ನಾನು ಶುರು ಮಾಡಿದ್ರೆ, ನಂಗೇ ನಡುನಡುವೆ ನಿಮ್ಮ ಶಾಲು ಬರ್ತದೆ.”

ಸಂಜೆಯವರೆಗೆ ಹಿಂಜಿದರು, ತುಂಬಿದರು, ಹೊಲಿದರು. ಹೋಗುವಾಗ ಕೈಮುಗಿದರು. ಅವರು ಹೋದ ಮೇಲೆ ನನ್ನ ಹೆಂಡತಿ, “ಏನಂದ್ರು?” ಎಂದು ಕೇಳಿದಳು. “ಏನಿಲ್ಲ” ಎಂದೆ. ಸಾಬರು ತೀರಿಕೊಂಡ ಸುದ್ದಿ ನನಗೆ ಒಂದು ವರ್ಷ ತಡವಾಗಿ ಬಂತು.

ಅರವತ್ತರ ದಶಕದ ಕೊನೆಗೆ, ಯಾವುದೋ ಮದುವೆಗೆಂದು ಕುಣಿಗಲ್ಲಿಗೆ ಹೋದಾಗ ಅಂದೇ ಗಂಧ ಇತ್ತು. ಗುರುತು ಸಿಗದ ಹಾಗೆ ಹಿಂದೆ ನಿಂತೆ. ಅಣ್ಣನ ಮಗ ಈಗ ಓದುತ್ತಿರಲಿಲ್ಲ, ಬಾಯಲ್ಲೇ ಹೇಳುತ್ತಿದ್ದ. ಶಾಲು ಹೋಗಿತ್ತು. ಅಜ್ಜಯ್ಯ ಕೆರೆ ದಾಟುತ್ತಿದ್ದದ್ದು ಹುಲಿಯ ಮೇಲೆ. ನರ್ತಕಿ ಅಜ್ಜಯ್ಯನ ತಂಗಿಯಾಗಿದ್ದಳು. ನಾನು ಪಕ್ಕದಲ್ಲಿದ್ದವನಿಗೆ, ತಡೆಯಲಾರದೆ, “ಹುಲಿ ಇರಲಿಲ್ಲ ಕಣಯ್ಯಾ, ಶಾಲು ಇದ್ದದ್ದು,” ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಮಗೇನ್ ಗೊತ್ತು ಸ್ವಾಮಿ, ಯಾವೂರು ನಿಮ್ಮದು?” ಎಂದ.

ಗುಬ್ಬಿ ಎಂದೆ. ಸುಮ್ಮನಿರಿ ಎಂದು ಕೈ ಸನ್ನೆ ಮಾಡಿ, ಅವನು ಹುಲಿಯ ಕಡೆ ತಿರುಗಿದ.